ಹೀಗೇ ಹಿಡ್ಕೊಂಡಿರಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಎದುರು
ಜೆರಾಕ್ಸು, ಲ್ಯಾಮಿನೇಷನ್ನು, ಪಹಣಿ, ಪಾಸ್‌ಪೋರ್ಟ್ ಸೈಜು,
ಇಷ್ಟೂ ಬರೆದ ಬೋರ್ಡಿನ ಕೆಳಗೆ ನನ್ನ ಕುರ್ಚಿ.
ಹರಾಜು ಮುಗಿದು ಜಾಲರಿಗಳನ್ನು ತೊಳೆದು ಒರಗಿಸಿದ ಮೇಲೆ
ತಸ್ಕೀನ್ ತಾಜ್ ಬಂದರು,
ಕರ್ಚೀಫಿನಲ್ಲಿ ಸುತ್ತಿದ ಫೋನು.

"ಬೇಸಿನ್ನಿಗೆ ಬಿತ್ತು. ಕುದಿಯೋ ನೀರು.
ಕೈ ಹಾಕಿ ತೆಗೆದೆ, ಮೂರು ದಿನ ಅಕ್ಕೀಲಿ ಇಟ್ಟೆ.
ಎದ್ದಿದೆ. ಪೂರ್ತಿ ಎದ್ದಿಲ್ಲ."

ಗಾಜಿನ ಬಲಗಡೆ, ಕೆಳಗೆ, ಎರಡು ಬೆರಳಗಲ
ಏನು ಒತ್ತಿದರೂ ಕೇಳುವುದಿಲ್ಲ.
ಹೆಬ್ಬೆಟ್ಟಿನ ಗುರುತೂ ಹಿಡಿಯುವುದಿಲ್ಲ,
ಆದರೆ ಅದು ಫೋನಿನ ತಪ್ಪಲ್ಲ:
ಹತ್ತೊಂಬತ್ತು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿದ ಬೆರಳಿಗೆ
ಗೆರೆಗಳೇ ಉಳಿದಿಲ್ಲ.
"ರೇಷನ್ ಅಂಗಡೀಲೂ ನಾನು ನಾನಲ್ಲ" ಅಂದು ನಕ್ಕರು.

ಕೇಬಲ್ ಸಿಕ್ಕಿಸಿದೆ. ಟುಂಕ್. ಕಂಪ್ಯೂಟರು ಗುರುತು ಹಿಡಿಯಿತು,
ತೆರೆದರೆ ಫೋಲ್ಡರು ಖಾಲಿ.
ಫೋನು ಕೇಳುತ್ತಿದೆ: ಒಳಗಿರುವುದನ್ನು ನೋಡಲು ಬಿಡಬೇಕೇ?
ನಿರಾಕರಿಸಿ. ಅನುಮತಿಸಿ.
ಅನುಮತಿಸಿ ಇರುವುದು ಸರಿಯಾಗಿ ಆ ಸತ್ತ ಜಾಗದಲ್ಲಿ.
ಬೇಡ ಅನ್ನಲು ಮಾತ್ರ ಎಷ್ಟು ಸಲ ಬೇಕಾದರೂ ಆಗುತ್ತೆ.

ಒತ್ತಿದೆ. ಉಜ್ಜಿದೆ. ಉಗುರಲ್ಲಿ ತಟ್ಟಿದೆ.
ಹುಡುಗ ವೆಂಕಟರವಣ ಬಾಯಲ್ಲಿ ಊದಿದ.
ಚಿಂತಾಮಣೀಲಿ ಡಿಸ್‌ಪ್ಲೇ ಹಾಕ್ತಾರೆ, ಎರಡು ಸಾವಿರದ ಮುನ್ನೂರು, ಅಂದೆ.
ಅವರು ಮಾತಾಡದೆ ಫೋನು ಇಸಕೊಂಡು
ಅಡ್ಡ ಹಿಡಿದರು.
ಬರಹ ಒಂದು ಗಳಿಗೆ ತಡವರಿಸಿ, ತಾನೂ ಅಡ್ಡ ತಿರುಗಿ,
ಅನುಮತಿಸಿ ಅನ್ನುವುದು ಜೀವವಿರುವ ಗಾಜಿಗೆ ಸರಿದು ಬಂತು.
ಅವರೇ ಒತ್ತಿದರು.

ಇನ್ನು ಕೇಬಲ್ಲಿನ ರಗಳೆ.
ತುದಿ ಸಡಿಲ, ಒಂದೇ ಒಂದು ಓರೆಯಲ್ಲಿ ಹರಿಯುತ್ತೆ,
ಕೂದಲೆಳೆಯಷ್ಟು ಅಲುಗಿದರೂ ಕಡಿದು, ಮತ್ತೆ ಮೊದಲಿಂದ.
"ಕೊಡಿ" ಅಂದರು. ಹೆಬ್ಬೆಟ್ಟು, ತೋರುಬೆರಳು.
ಹೀಗೇ ಹಿಡ್ಕೊಂಡಿರಿ ಅಂದೆ. ಹೇಳಬೇಕಿರಲಿಲ್ಲ.
ಕಂಪ್ಯೂಟರು ಐವತ್ತು ನಿಮಿಷ ಅಂದಿತು, ಆಮೇಲೆ ಮೂರು,
ಆಮೇಲೆ ಎರಡು ಗಂಟೆ.
ಅದರ ಮಾತಿಗೆ ನಾವಿಬ್ಬರೂ ಕಿವಿಗೊಡಲಿಲ್ಲ.

"ಫೋಟೊ ಎಲ್ಲ ನೀವು ನೋಡ್ತೀರಾ?"
ಇಲ್ಲ ಅಂದೆ. ಚಿತ್ರ ಮುಚ್ಚಿ ಬರೀ ಹೆಸರು ಬರುವಂತೆ ಮಾಡಿದೆ.
ಹೆಸರೂ ಹೆಸರಲ್ಲ; ಇಸವಿ, ತಿಂಗಳು, ತಾರೀಖು, ಗಂಟೆ, ನಿಮಿಷ.
ಎರಡು ಸಾವಿರದ ಇನ್ನೂರ ಆರು ಸಾಲು
ತೆರೆಯ ಮೇಲೆ ಏರುತ್ತ ಹೋದವು.

ನೋಡದೆಯೂ ಸ್ವಲ್ಪ ಕಾಣುತ್ತೆ.
ಮಾರ್ಚಿ ಹನ್ನೊಂದು, ಒಂದೇ ದಿನ ನೂರ ನಲವತ್ತು.
ಒಂದು ವಾರವಿಡೀ ದಿನಾ ಬೆಳಗಿನ ನಾಲ್ಕೂ ಮುಕ್ಕಾಲಿಗೆ ಒಂದೊಂದು;
ಏನಿರುತ್ತೆ ಅಷ್ಟು ಹೊತ್ತಿನಲ್ಲಿ, ಇನ್ನೂ ಒಲೆ ಹೊತ್ತಿಸಿರದ ಹೊತ್ತಿನಲ್ಲಿ?
ಆಗಸ್ಟಿನಿಂದ ನವೆಂಬರಿನ ತನಕ ಏನೂ ಇಲ್ಲ.
ಆಮೇಲೆ ಒಂದು ವಿಡಿಯೊ.
ಆಮೇಲೆ ಮತ್ತೆ ಸಾಲು ಸಾಲು.
ನಾನು ಕೇಳಲಿಲ್ಲ. ಅವರು ಕೇಬಲ್ಲನ್ನೇ ನೋಡುತ್ತಿದ್ದರು.

ಟೀ ಬಂತು, ಎಡಗೈಲಿ ಕುಡಿದರು.
ಹೊರಗೆ ಜೊಟ್ಟಿನ ಗಾಡಿ ಹೋಯಿತು,
ವಾಸನೆ ಒಳಗೆ ಬಂದು ನಮ್ಮ ಜೊತೆ ಕೂತಿತು.
ತೊಂಬತ್ತೇಳರಲ್ಲಿ ಹಸಿರು ಪಟ್ಟಿ ನಿಂತೇಬಿಟ್ಟಿತು.
ನಾನು ಕೈ ಚಾಚಿದೆ. "ಬಿಡಿ" ಅಂದರು,
"ಕೊನೇಲಿ ಹಿಂಗೇನೇ. ಹುಳ ಕಾಣೋ ಹೊತ್ತಿಗೆ
ಎಳೆ ತೆಳ್ಳಗಾಗ್ತದೆ. ಎಳೀಬಾರದು."

ಆಯಿತು. ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ.
"ಇದರೊಳಗಿರೋದು?" ಕಂಪ್ಯೂಟರಿನತ್ತ ಗಲ್ಲ ಎತ್ತಿ ಕೇಳಿದರು.
ಎದುರಿಗೇ ಅಳಿಸಿದೆ. "ಬುಟ್ಟೀಲೂ?"
ಬುಟ್ಟಿಯನ್ನೂ ಖಾಲಿ ಮಾಡಿದೆ, ಕಾಗದ ಮುದುರಿದ ಸದ್ದು.
ನಲವತ್ತು ಕೊಟ್ಟು, ಟೀದು ಬೇರೆ ಅಂತ ಹತ್ತು ಇಟ್ಟು,
ಪೆನ್‌ಡ್ರೈವನ್ನು ಮಾತ್ರೆಯ ಡಬ್ಬಿಗೆ ಹಾಕಿಕೊಂಡು ಹೋದರು.

ಮರುದಿನ ದಿಬ್ಬೂರಹಳ್ಳಿಯ ಹುಡುಗನೊಬ್ಬ
ಅಣ್ಣನ ಮದುವೆ ವಿಡಿಯೊ ತಂದ.
ಅದೇ ಕೇಬಲ್ಲು, ಅದೇ ಓರೆ.
ನಾನು ಹಿಡಿದೆ, ವೆಂಕಟರವಣ ಹಿಡಿದ, ಆ ಹುಡುಗ ಹಿಡಿದ.
ಟುಂಕ್. ಕಡಿಯಿತು. ಟುಂಕ್. ಕಡಿಯಿತು.
ಮೂವರ ಬೆರಳಲ್ಲೂ ಗೆರೆಗಳಿದ್ದವು,
ಒಂದೂ ಅಳಿಸದೆ.